ಅಕ್ಕನ ಅರ್ಜಿ

ನಾನು ಓದಲು ಕಲಿತದ್ದು ಪುಟದ ಕೊನೆಯ ಪದದಿಂದ. ಲೋಕದ ಮಕ್ಕಳೆಲ್ಲ ಅ ಆ ಇ ಈ ಎಂದು ಮೇಲಿನಿಂದ ಶುರು ಮಾಡಿದರೆ ನಾನು ಬಲಗಡೆಯ ಕೆಳತುದಿಯಿಂದ ಶುರು ಮಾಡಿದೆ. ಇದನ್ನು ಹೇಳಿದಾಗ ಜನ ನಗುತ್ತಾರೆ. ನಾನೂ ನಗುತ್ತೇನೆ. ಶಾಲೆಯ ಸಮಾರಂಭಗಳಲ್ಲಿ ಯಾರಾದರೂ ಮೈಕು ಕೈಗೆ ಕೊಟ್ಟರೆ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿ ಕೂತುಬಿಡುತ್ತೇನೆ. ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು ನನಗೆ ರೂಢಿಯಾಗಿದೆ. ಮುಂದಿನದನ್ನು ಹೇಳಲು ಮುಖವಿಲ್ಲ, ಅದಕ್ಕೇ. ಇಲ್ಲಿ ಹೇಳುತ್ತೇನೆ.

ಕುಂಬಾರಕೊಪ್ಪಲಿನ ಒಂದು ವಠಾರದಲ್ಲಿ ನಮ್ಮ ಮನೆ. ಅಪ್ಪನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅಮ್ಮ ಗೋಕುಲಂನ ಒಂದು ದೊಡ್ಡ ಮನೆಗೆ ಅಡುಗೆಗೆ ಹೋಗುತ್ತಿದ್ದಳು. ನನಗಿಂತ ಎಂಟು ವರ್ಷ ದೊಡ್ಡವಳು ಅಕ್ಕ. ಅಮ್ಮನಿಗೆ ಆ ಕೆಲಸ ಸಿಕ್ಕಾಗ ನನಗೆ ಐದು ವರ್ಷ, ಅಕ್ಕ ಏಳನೇ ತರಗತಿ ಪಾಸಾಗಿದ್ದಳು. ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಬೇಕಿತ್ತು. ಹೈಸ್ಕೂಲು ದೂರ ಎಂದರು, ಹೆಣ್ಣುಮಕ್ಕಳಿಗೆ ಇಷ್ಟು ಸಾಕು ಎಂದರು, ಇನ್ನೂ ಏನೇನೋ ಅಂದರು. ಆದರೆ ನಿಜವಾದ ಕಾರಣ ನಾನೇ. ನನ್ನನ್ನು ಕಾಯಲು ಅವಳನ್ನು ಶಾಲೆ ಬಿಡಿಸಿದರು.

ಮನೆಯಲ್ಲಿ ಸುಮ್ಮನೆ ಕೂರುವುದು ಯಾಕೆಂದು ಅಕ್ಕ ಊದುಬತ್ತಿ ಹೊಸೆಯಲು ಹಿಡಿದಳು. ನಮ್ಮ ವಠಾರದಲ್ಲಿ ಎಲ್ಲ ಹೆಂಗಸರೂ ಹೊಸೆಯುತ್ತಿದ್ದರು. ಮುಂದೆ ಒಂದು ಇಳಿಜಾರಿನ ಮಣೆ, ಎಡಕ್ಕೆ ಇದ್ದಿಲು ಪುಡಿ ಕಲಸಿದ ಕಪ್ಪು ಹಿಟ್ಟು, ಬಲಕ್ಕೆ ಬಿದಿರುಕಡ್ಡಿಯ ಕಟ್ಟು. ಚಿಟಿಕೆ ಹಿಟ್ಟು ತೆಗೆದು, ಕಡ್ಡಿಗೆ ಹಚ್ಚಿ, ಅಂಗೈಯಲ್ಲಿ ಒಮ್ಮೆ ಉದ್ದಕ್ಕೆ ಎಳೆದರೆ ಒಂದು ಬತ್ತಿ. ಕೈ ನಿಲ್ಲಿಸಿದರೆ ಹಿಟ್ಟು ಒಣಗುತ್ತದೆ. ಅಕ್ಕನಿಗೆ ಹನ್ನೊಂದು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಎರಡು ಕೈಯೂ ಮೊಣಕೈವರೆಗೆ ಕಪ್ಪು.

ಅವಳಿಗೆ ಓದುವ ಹುಚ್ಚು. ಶಾಲೆ ಬಿಡಿಸಬಹುದು, ಹುಚ್ಚು ಬಿಡಿಸಲು ಆಗುತ್ತದೆಯೇ? ಗೋಕುಲಂನ ಮನೆಯವರು ಹಳೆಯ ವಾರಪತ್ರಿಕೆ, ಮಾಸಪತ್ರಿಕೆಗಳನ್ನು ರದ್ದಿಗೆ ಹಾಕುವ ಮೊದಲು ಅಮ್ಮನಿಗೆ ಕೊಡುತ್ತಿದ್ದರು. ಅಕ್ಕ ಹಿಟ್ಟಿನ ಡಬ್ಬಕ್ಕೆ ಪತ್ರಿಕೆಯನ್ನು ಒರಗಿಸಿಟ್ಟುಕೊಂಡು ಓದುತ್ತಿದ್ದಳು. ಪುಟ ತಿರುವಲು ಕೈ ಬೇಕಲ್ಲ! ಆ ಕೈ ನಾನು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಳೆ ಹಿಡಿಸುತ್ತಿದ್ದಳು. ಮನಸ್ಸಿನಲ್ಲೇ ಓದುತ್ತಿದ್ದವಳು ಪುಟ ಮುಗಿದಾಗ ಕೊನೆಯ ಪದವನ್ನು ಮಾತ್ರ ಜೋರಾಗಿ ಹೇಳುವಳು. ಅದು ಕೇಳಿದ ತಕ್ಷಣ ನಾನು ತಿರುವಬೇಕು. ಮುಂಚೆ ತಿರುವಿದರೆ ಬೈಗುಳ.

"ಅಯ್ಯೋ, ಆಗ್ಲೇ ತಿರುವ್ಬುಟ್ಯಾ? ಅವ್ಳು ಬಾಗ್ಲು ತೆಗೆದ್ಲೋ ಇಲ್ವೋ ಅಂತ ನೋಡ್ಬೇಕಿತ್ತು ಕಣೆ. ಹಿಂದಕ್ಕಾಕು, ಹಿಂದಕ್ಕಾಕು!"

ಹೀಗೆ ನೂರಾರು ಪುಟ ತಿರುವಿದ ಮೇಲೆ ಮೂಲೆಯಲ್ಲಿ ಕೂತ ಆ ಗೀಚುಗಳಿಗೂ ಅಕ್ಕ ಹೇಳುವ ಪದಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆಯಿತು. ಒಂದು ದಿನ ಕೊನೆಯ ಪದ 'ಹೊರಟಳು' ಎಂದಿತ್ತು. ಪುಟ ತಿರುವಿದರೆ ಹೊಸ ಪುಟದ ನಟ್ಟನಡುವೆ ಅದೇ ಗೀಚು. "ಅಕ್ಕ, ಇಲ್ಲೂ ಹೊರಟಳು!" ಎಂದು ಕೂಗಿಬಿಟ್ಟೆ. ಅಕ್ಕನ ಕೈ ನಿಂತಿತು. ಹಿಟ್ಟು ಒಣಗಿದರೂ ಚಿಂತೆಯಿಲ್ಲವೆಂಬಂತೆ ನನ್ನನ್ನೇ ನೋಡಿದಳು. "ಎಲ್ಲೇ? ತೋರ್ಸು" ಎಂದಳು. ತೋರಿಸಿದೆ. ಅವಳು ನನ್ನ ಕೆನ್ನೆ ಹಿಂಡಿದಳು. ಮಧ್ಯಾಹ್ನ ಮನೆಗೆ ಬಂದ ಅಮ್ಮ, ಮಗುವಿನ ಮುಖಕ್ಕೆ ಯಾಕೆ ಮಸಿ ಬಳಿದಿದ್ದೀಯ ಎಂದು ಅಕ್ಕನಿಗೆ ಬೈದಳು.

ಆಮೇಲೆ ಅವಳು ಕೊನೆಯ ಪದದ ಬದಲು ಕೊನೆಯ ಸಾಲು ಓದಿ ಹೇಳಲು ಶುರುಮಾಡಿದಳು. ನಂತರ ಕೊನೆಯ ಸಾಲನ್ನು ನಾನೇ ಓದಬೇಕೆಂದಳು. ಓದದಿದ್ದರೆ ಮುಂದೇನಾಯಿತೆಂದು ಅವಳು ಹೇಳುತ್ತಿರಲಿಲ್ಲ. ಕಥೆಯ ಆಸೆಗೆ ನಾನು ತಡವರಿಸಿ, ಒತ್ತಕ್ಷರಗಳಿಗೆ ಎಡವಿ, ಅಂತೂ ಓದುತ್ತಿದ್ದೆ. ಒಂದನೇ ತರಗತಿಯ ಮೇಷ್ಟ್ರು ಬೋರ್ಡಿನ ಮೇಲೆ 'ಅರಸ' ಎಂದು ಬರೆಯುವ ಹೊತ್ತಿಗೆ ನಾನು ಮನೆಯಲ್ಲಿ ಅತ್ತೆ ಸೊಸೆಯರ ಜಗಳ, ಕೊಲೆ, ವಿಚಾರಣೆ ಎಲ್ಲ ಮುಗಿಸಿದ್ದೆ. ಮಕ್ಕಳು ಓದಬೇಕಾದ್ದು ಯಾವುದು, ಓದಬಾರದ್ದು ಯಾವುದು ಎಂಬ ಭೇದ ನಮ್ಮಿಬ್ಬರಿಗೂ ಇರಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಗೋಕುಲಂನ ಆ ಮನೆಯ ಯಜಮಾನಿಗೆ ಪತ್ರಿಕೆಯಲ್ಲಿ ಬರುವ ಅಡುಗೆಯ ಪುಟಗಳನ್ನು ಹರಿದಿಟ್ಟುಕೊಳ್ಳುವ ಅಭ್ಯಾಸವಿತ್ತು. ಅಡುಗೆ ಪುಟದ ಬೆನ್ನಿಗೆ ಧಾರಾವಾಹಿ ಬರುತ್ತಿತ್ತು. ಅವರಿಗೆ ಹುಳಿಯವಲಕ್ಕಿ ಸಿಕ್ಕಿದಾಗಲೆಲ್ಲ ನಮಗೆ ಕಥೆಯ ಒಂದು ಪುಟ ಇಲ್ಲ. ಅಕ್ಕ ಆ ಜಾಗ ಬಂದಾಗ ಒಂದು ಕ್ಷಣವೂ ತಡೆಯದೆ, ನಡುವೆ ಏನಾಯಿತೆಂದು ಹೇಳಿಕೊಂಡು ಹೋಗುತ್ತಿದ್ದಳು. ಅವಳಿಗೆ ಹೇಗೆ ಗೊತ್ತು ಎಂದು ನಾನು ಕೇಳಲೇ ಇಲ್ಲ. ಅಕ್ಕನಿಗೆ ಗೊತ್ತಿರುತ್ತದೆ, ಅಷ್ಟೆ.

ಹೈಸ್ಕೂಲು ಸೇರಿದ ಮೇಲೆ ನಾನು ಸಾರ್ವಜನಿಕ ಗ್ರಂಥಾಲಯದ ಶಾಖೆಗೆ ಹೋಗಿ ಪುಸ್ತಕ ತರತೊಡಗಿದೆ. ಅಲ್ಲಿ ಒಮ್ಮೆ ನಾವು ಓದಿದ್ದ ಒಂದು ಧಾರಾವಾಹಿ ಪುಸ್ತಕವಾಗಿ ಸಿಕ್ಕಿತು. ನಿಂತಲ್ಲೇ ತೆರೆದು ನೋಡಿದರೆ, ಅಕ್ಕ ಹೇಳಿದ್ದ ಯಾವುದೂ ಅದರಲ್ಲಿರಲಿಲ್ಲ. ಅಕ್ಕನ ಕಥೆಯಲ್ಲಿ ಹುಡುಗಿ ರೈಲಿನಿಂದ ಇಳಿದು ವಾಪಸ್ ಬಂದಿದ್ದಳು, ಪುಸ್ತಕದಲ್ಲಿ ಬರಲಿಲ್ಲ. ನಾನು ಮನೆಗೆ ಬಂದು ಅಕ್ಕನ ಮೇಲೆ ಹಾರಾಡಿದೆ.

"ಎಲ್ಲಾ ಸುಳ್ಳು ಹೇಳಿದೀಯ ನೀನು! ಬಾಯಿಗೆ ಬಂದದ್ದು ಹೇಳಿ ನನ್ನ ಮಂಗ ಮಾಡಿದ್ದೀಯ."

ಅವಳು ನಕ್ಕಳು. "ಹರಿದೋಗಿತ್ತಲ್ಲೇ ಪುಟ. ಅಂಗೇ ಬುಟ್ರೆ ನೀನು ಅಳ್ತಿದ್ದೆ."

ಆಗ ನನಗೆ ಹದಿಮೂರು. ಎಲ್ಲದಕ್ಕೂ ಸಿಟ್ಟು, ಎಲ್ಲರಿಗಿಂತ ಬುದ್ಧಿವಂತೆ ಎಂಬ ಕೊಬ್ಬು. ಅಕ್ಕ ಹಕಾರ ನುಂಗಿ ಮಾತಾಡುವುದನ್ನು ಅಣಕಿಸುತ್ತಿದ್ದೆ. ಅವಳು ಕಟ್ಟಿದ ಕಥೆಯೇ ಪುಸ್ತಕದ ಕಥೆಗಿಂತ ಚೆನ್ನಾಗಿತ್ತು ಎಂದು ಒಳಗೊಳಗೇ ಗೊತ್ತಿತ್ತು, ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಏನು ಗಂಟು ಹೋಗುತ್ತಿತ್ತೋ.

ಅದೇ ವರ್ಷ ಕನ್ನಡ ಪಾಠದ ಹೊತ್ತಿನಲ್ಲಿ ಮೇಷ್ಟ್ರು ನನ್ನಿಂದ ಗದ್ಯ ಓದಿಸಿದರು. ಓದಿ ಮುಗಿಸಿದಾಗ "ಯಾರಮ್ಮ ನಿನಗೆ ಹೀಗೆ ಓದೋಕೆ ಕಲಿಸಿದ್ದು?" ಎಂದು ಕೇಳಿದರು. ನನ್ನ ಬೆಂಚಿನಲ್ಲಿ ಬ್ಯಾಂಕ್ ಅಧಿಕಾರಿಯ ಮಗಳು ಕೂತಿದ್ದಳು, ಅವಳ ಆಚೆ ಡಾಕ್ಟರ ಮಗಳು. "ನಮ್ಮಕ್ಕ ಸಾರ್" ಎಂದೆ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಸಾಕಿತ್ತು. "ಏನ್ಮಾಡ್ತಾರೆ ನಿಮ್ಮಕ್ಕ?" ಎಂದರು. ನಾಲಗೆ ತಡವರಿಸಲೂ ಇಲ್ಲ. "ಬಿ.ಎ. ಓದ್ತಿದಾರೆ ಸಾರ್."

"ಅದಕ್ಕೇ ಮತ್ತೆ" ಎಂದರು ಮೇಷ್ಟ್ರು.

ಆ 'ಅದಕ್ಕೇ ಮತ್ತೆ' ನನಗೆ ಎಷ್ಟು ಹಿತವಾಗಿತ್ತೆಂದರೆ, ಮುಂದೆ ಎರಡು ವರ್ಷ ಆ ಸುಳ್ಳನ್ನು ಗಿಡ ಬೆಳೆಸಿದ ಹಾಗೆ ಬೆಳೆಸಿದೆ. ಅಕ್ಕ ಬಿ.ಎ. ಎರಡನೇ ವರ್ಷಕ್ಕೆ ಬಂದಳು. ಅಕ್ಕನಿಗೆ ಇತಿಹಾಸದಲ್ಲಿ ಹೆಚ್ಚು ಅಂಕ ಬಂತು. ಅಕ್ಕ ಎಂ.ಎ. ಮಾಡುವ ಯೋಚನೆಯಲ್ಲಿದ್ದಾಳೆ. ಗೆಳತಿಯರು ಮನೆಗೆ ಬರುತ್ತೇವೆ ಎಂದಾಗಲೆಲ್ಲ ಅಪ್ಪನ ರಾತ್ರಿಪಾಳಿಯನ್ನು ಅಡ್ಡ ತಂದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಅಂಗನವಾಡಿ ಇತ್ತು. ಅಕ್ಕ ಹೊಸೆದ ಬತ್ತಿಗಳನ್ನು ತಾರಸಿಯ ಮೇಲೆ ಒಣಗಲು ಹಾಕಿ, ಕೈ ತೊಳೆದುಕೊಂಡು, ಆಗಾಗ ಅಲ್ಲಿಗೆ ಹೋಗಿ ಮಕ್ಕಳಿಗೆ ಕಥೆ ಹೇಳಿ ಬರುತ್ತಿದ್ದಳು. ಅಲ್ಲಿನ ಟೀಚರಿಗೆ ಅವಳನ್ನು ಕಂಡರೆ ಬಹಳ ಇಷ್ಟ. ನಾನು ಹತ್ತನೇ ತರಗತಿಗೆ ಬಂದ ವರ್ಷ ಅವರು ಅಕ್ಕನಿಗೆ ಹೇಳಿದರಂತೆ: "ಎಸ್ಸೆಸ್ಸೆಲ್ಸಿ ಒಂದು ಮಾಡ್ಕೊಳಮ್ಮ. ಹೊಸ ಅಂಗನವಾಡಿಗಳು ಬರ್ತಾವೆ, ನಿನ್ನಂಥೋಳಿಗೆ ಕೆಲಸ ಗ್ಯಾರಂಟಿ. ಪ್ರೈವೇಟಾಗಿ ಕಟ್ಟಬೌದು, ನಿನ್ನ ತಂಗಿ ಸ್ಕೂಲಲ್ಲೇ ಫಾರಂ ಕೊಡ್ತಾರೆ."

ಅಕ್ಕನಿಗೆ ಆಗ ಇಪ್ಪತ್ತಮೂರು. ತನಗೆಂದು ಅವಳು ಏನನ್ನಾದರೂ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಬ್ಬಕ್ಕೆ ಸೀರೆ ತಂದರೂ "ಅವ್ಳಿಗಾದ್ಮೇಲೆ ನನ್ಗೆ" ಎನ್ನುವವಳು. ಆ ದಿನ ಮಾತ್ರ ನಾನು ಬ್ಯಾಗು ಕೆಳಗಿಡುವ ಮೊದಲೇ ಎದುರಿಗೆ ಬಂದಳು.

"ಒಂದು ಫಾರಂ ತಂದ್ಕೊಡೆ ಪುಟ್ಟಿ. ನಾನೂ ಎಸ್ಸೆಸ್ಸೆಲ್ಸಿ ಕಟ್ತೀನಿ. ಪಾಸಾದ್ರೆ ಅಂಗನವಾಡಿ ಟೀಚರಾಗ್ತೀನಿ."

ನಾನು ಹೂಂ ಎಂದೆ. ಅಪ್ಪ, "ಈಗ್ಯಾಕೆ ಅದೆಲ್ಲ?" ಎಂದ. ಆದರೆ ಬೇಡ ಎನ್ನಲಿಲ್ಲ. ಅಮ್ಮ ಮಾರನೆಯ ದಿನದಿಂದ ಅರ್ಧ ಗಂಟೆ ಬೇಗ ಎದ್ದು ಅಕ್ಕನ ಪಾಲಿನ ಪಾತ್ರೆಯನ್ನೂ ತಾನೇ ತೊಳೆಯತೊಡಗಿದಳು.

ಅಕ್ಕ ಓದಲು ಹಿಡಿದಳು. ಹೇಗೆಂದರೆ, ಹಳೆಯ ರೀತಿಯಲ್ಲೇ. ಭಾನುವಾರಗಳಲ್ಲಿ, ಸಂಜೆಗಳಲ್ಲಿ ಅವಳು ಹೊಸೆಯುತ್ತಿದ್ದಳು, ನಾನು ನನ್ನ ಪಾಠಗಳನ್ನು ಜೋರಾಗಿ ಓದುತ್ತಿದ್ದೆ. ಅವಳು ನಡುನಡುವೆ ಪ್ರಶ್ನೆ ಕೇಳುವಳು. "ನಿಲ್ಲು, ಈ ರಾಜ ಸೋತಿದ್ದು ಯಾಕೆ ಅಂತ ಬರ್ದಿಲ್ವಲ್ಲ?" ಉತ್ತರ ಹುಡುಕಲು ನಾನು ಹಿಂದಿನ ಪಾಠ ತೆರೆಯಬೇಕಾಗುತ್ತಿತ್ತು. ಬೀಜಗಣಿತ ಮಾತ್ರ ಅವಳಿಗೆ ಕಷ್ಟ. ಒದ್ದೆ ಹಿಟ್ಟನ್ನು ಮಣೆಯ ಮೇಲೆ ಬಳಿದು, ಕಡ್ಡಿಯಿಂದ ಅದರ ಮೇಲೆ ಲೆಕ್ಕ ಬಿಡಿಸಿ, ತಪ್ಪಾದರೆ ಅಂಗೈಯಿಂದ ಒರೆಸಿ ಮತ್ತೆ ಮಾಡುವಳು. ನಾನು ಆ ವರ್ಷ ತರಗತಿಗೇ ಮೊದಲಿಗಳಾಗಿದ್ದರೆ ಅದು ಅವಳ ಪ್ರಶ್ನೆಗಳ ದೆಸೆಯಿಂದ.

ಫಾರಂ ಕೊಡುವ ಸಮಯ ಬಂತು. ಶಾಲೆಯ ಗುಮಾಸ್ತರ ಹತ್ತಿರ ಹೋಗಿ ಅಕ್ಕನಿಗೆಂದು ಒಂದು ಕೇಳಿದೆ. ಅವರು ಒಳ್ಳೆಯ ಮನುಷ್ಯ. ಏಳನೇ ಕ್ಲಾಸಿನ ಟಿ.ಸಿ., ಎರಡು ಫೋಟೋ, ಶುಲ್ಕ ಎಲ್ಲ ವಿವರಿಸಿದರು. ಕೊನೆಗೆ ಹೇಳಿದರು: "ಸೆಂಟರಿಗೆ ಅಲೆಯೋ ಹಂಗಿಲ್ಲ ಬಿಡಮ್ಮ. ಪ್ರೈವೇಟಿನೋರೂ ನಿಮ್ಜೊತೆ ಇಲ್ಲೇ ಬರೀತಾರೆ. ಅಕ್ಕ ತಂಗಿ ಒಟ್ಟಿಗೇ ಬರಬೌದು."

ಅದುವರೆಗೆ ಈ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಎಂ.ಎ. ಮಾಡಲು ಹೊರಟಿದ್ದ ನನ್ನ ಅಕ್ಕ, ಉಗುರಿನ ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಕಪ್ಪಿನೊಂದಿಗೆ, ಹತ್ತನೇ ತರಗತಿಯ ಪರೀಕ್ಷೆಗೆ ನನ್ನ ಗೆಳತಿಯರ ಪಕ್ಕದ ಬೆಂಚಿನಲ್ಲಿ ಬಂದು ಕೂರುತ್ತಾಳೆ. ಅದೂ ನನ್ನ ಕೈಹಿಡಿದುಕೊಂಡು ಬರುತ್ತಾಳೆ.

ಅಕ್ಕ ಫಾರಂ ತುಂಬಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಿಂಬೆಸಿಪ್ಪೆ ಹಾಕಿ ಕೈ ಉಜ್ಜಿಕೊಂಡಳು. ನೆಲದ ಮೇಲೆ ಹೊಸ ಪೇಪರ್ ಹಾಸಿ, ಅದರ ಮೇಲೆ ಫಾರಂ ಇಟ್ಟು, ಉಸಿರು ಬಿಗಿಹಿಡಿದು ಬರೆದಳು. ಏಳನೇ ತರಗತಿಗೆ ನಿಂತುಹೋದ ಅಕ್ಷರ, ಈಗಲೂ ದುಂಡಗೆ ಇತ್ತು. ಅಮ್ಮನ ಒಳ್ಳೆಯ ಸೀರೆ ಉಟ್ಟು ಸ್ಟುಡಿಯೋಗೆ ಹೋಗಿ ತೆಗೆಸಿದ ಫೋಟೋವನ್ನು ಮೇಲಿನ ಚೌಕದಲ್ಲಿ ಅಂಟಿಸಿದಳು. "ನೋಡೆ, ಟೀಚರ್ ತರ ಇದೀನಾ?" ಎಂದು ಕೇಳಿದಳು. ಟೀಚರ್ ತರ ಇದ್ದಳು.

ಫಾರಂ ನನ್ನ ಬ್ಯಾಗಿನಲ್ಲಿ ಒಂದು ವಾರ ಇತ್ತು. ಸಮಾಜ ವಿಜ್ಞಾನದ ಪುಸ್ತಕದ ರಟ್ಟಿಗೂ ಹೊದಿಕೆಗೂ ನಡುವೆ. ಪ್ರತಿ ಸಂಜೆ ಅವಳು ಕೇಳುವಳು, "ಕೊಟ್ಯಾ?" "ಗುಮಾಸ್ತರು ರಜ." "ಕೊಟ್ಯಾ?" "ಇವತ್ತು ಟೆಸ್ಟ್ ಇತ್ತು, ನಾಳೆ." ನಾಳೆ ಎಂದವಳ ಮನೆ ಹಾಳು ಅನ್ನುತ್ತಾರೆ. ಹಾಳಾದದ್ದು ನನ್ನ ಮನೆಯಲ್ಲ, ಅವಳದ್ದು.

ಕೊನೆಯ ದಿನ ಗುಮಾಸ್ತರೇ ವರಾಂಡದಲ್ಲಿ ನನ್ನನ್ನು ತಡೆದರು. "ಏನಮ್ಮ, ನಿಮ್ಮಕ್ಕಂದು ಫಾರಂ ಎಲ್ಲಿ? ಇವತ್ತೇ ಕೊನೆ ಕಣಮ್ಮ." ಬ್ಯಾಂಕ್ ಅಧಿಕಾರಿಯ ಮಗಳು ನನ್ನ ಹಿಂದೆಯೇ ಬರುತ್ತಿದ್ದಳು. ಅವಳ ಹೆಜ್ಜೆ ಕೇಳುತ್ತಿತ್ತು. ನಾನು ತಗ್ಗಿದ ದನಿಯಲ್ಲಿ ಹೇಳಿದೆ, "ಬೇಡವಂತೆ ಸಾರ್. ಮದುವೆ ಗೊತ್ತಾಯ್ತು."

"ಓ, ಒಳ್ಳೇದಾಯ್ತು ಬಿಡು" ಎಂದು ಅವರು ಖುಷಿಯಿಂದಲೇ ಹೋದರು.

ಶಾಲೆ ಬಿಟ್ಟ ಮೇಲೆ ನಾನು ನೇರ ಮನೆಗೆ ಹೋಗಲಿಲ್ಲ. ದಾರಿಯ ಮೋರಿಯ ಪಕ್ಕ ನಿಂತು ಫಾರಮ್ಮಿನಿಂದ ಫೋಟೋವನ್ನು ಮೆಲ್ಲಗೆ ಕಿತ್ತು ತೆಗೆದೆ. ಉಳಿದದ್ದನ್ನು ಹರಿದು ಮೋರಿಗೆ ಹಾಕಿದೆ. ಫೋಟೋ ಹರಿಯಲು ಕೈ ಬರಲಿಲ್ಲ. ಇದನ್ನು ಒಳ್ಳೆಯತನ ಎಂದು ಯಾರೂ ತಿಳಿಯಬೇಡಿ. ಟಿ.ಸಿ., ಫೋಟೋ, ಅವಳು ಕೊಟ್ಟಿದ್ದ ಶುಲ್ಕ ಎಲ್ಲವನ್ನೂ ಮನೆಗೆ ತಂದು ಅವಳ ಮುಂದಿಟ್ಟೆ. ಕಳ್ಳಿಯಂತೂ ಅಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ತಗೊಳ್ಳಲಿಲ್ಲ ಅಕ್ಕ. ಏಳಕ್ಕೇ ಬಿಟ್ಟೋರು ಕಟ್ಟೋ ಹಂಗಿಲ್ವಂತೆ. ಎಂಟು, ಒಂಬತ್ತು ಸ್ಕೂಲಲ್ಲೇ ಓದಿರ್ಬೇಕಂತೆ. ರೂಲ್ಸಂತೆ."

ಇಷ್ಟು ಸಲೀಸಾಗಿ ಹೇಳಲು ನಾನು ಎಲ್ಲಿ ಕಲಿತೆ? ಹರಿದ ಪುಟದ ಕಥೆಯನ್ನು ತಡವರಿಸದೆ ಹೇಳುವವಳ ಪಕ್ಕದಲ್ಲೇ ಕೂತು ಬೆಳೆದವಳಲ್ಲವೇ. ಅವಳು ನಾನು ಅಳಬಾರದೆಂದು ಕಥೆ ಕಟ್ಟಿದಳು. ನಾನು ಕಟ್ಟಿದ್ದು ನನ್ನ ಮಾನ ಉಳಿಸಿಕೊಳ್ಳಲು.

ಅಕ್ಕ ಕೇಳಿದ್ದು ಒಂದೇ ಮಾತು: "ಸರಿಯಾಗಿ ಕೇಳ್ದ್ಯಾ ಪುಟ್ಟಿ?"

"ಎರಡು ಸಲ ಕೇಳ್ದೆ."

"ಸರಿ ಬುಡು. ನೀನು ಓದಿದೋಳು, ನಿಂಗೆ ಗೊತ್ತಿರುತ್ತೆ."

ಅವಳು ಟಿ.ಸಿ.ಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. ಅಂಗನವಾಡಿ ಟೀಚರ್ ಎದುರು ಸಿಕ್ಕು ಕೇಳಿದಾಗಲೂ ಅದನ್ನೇ ಹೇಳಿದಳಂತೆ. ಅವರು, ನಾನೇ ಬಂದು ಕೇಳಲಾ ಎಂದರಂತೆ. ಅಕ್ಕ ಬೇಡವೆಂದಳು. "ನಮ್ಮ ಪುಟ್ಟಿ ಕೇಳ್ಕೊಂಡು ಬಂದವ್ಳೆ ಮೇಡಂ" ಎಂದಳಂತೆ. ಇದನ್ನು ಅವಳೇ ನನಗೆ ಹೆಮ್ಮೆಯಿಂದ ಹೇಳಿದಳು. ನಾನು ಅನ್ನ ಕಲಸುತ್ತಾ ತಲೆ ತಗ್ಗಿಸಿ ಕೂತಿದ್ದೆ.

ನಿಜವಾದ ಶಿಕ್ಷೆ ಆಮೇಲೆ ಇತ್ತು. ಅವಳು ಪರೀಕ್ಷೆ ಬರೆಯುವುದಿಲ್ಲವೆಂದು ಗೊತ್ತಾದರೂ ನನ್ನಿಂದ ಪಾಠ ಓದಿಸುವುದನ್ನು ನಿಲ್ಲಿಸಲಿಲ್ಲ. "ಓದು, ಜೋರಾಗಿ ಓದು. ನಾನು ಕೇಳಿಸ್ಕೊಂಡ್ರೆ ನಿಂಗೆ ನೆನಪಿರುತ್ತೆ" ಎಂದು ಮಾರ್ಚ್ ತಿಂಗಳವರೆಗೂ ಪಕ್ಕದಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳಿದಳು. ಪರೀಕ್ಷೆಯ ಮೊದಲ ದಿನ ಶಾಲೆಯ ಗೇಟಿನವರೆಗೆ ಬರುತ್ತೇನೆ ಎಂದಳು, ನಾನು ಬೇಡವೆಂದೆ. ನನ್ನ ಕೊಠಡಿಯಲ್ಲಿ ಪ್ರೈವೇಟಿನವರಿಗೆಂದು ಕೊನೆಯ ಎರಡು ಸಾಲು ಬಿಟ್ಟಿದ್ದರು. ಅಲ್ಲಿ ಮದುವೆಯಾದ ಹೆಂಗಸರಿದ್ದರು, ಮೀಸೆ ಹೊತ್ತ ಗಂಡಸರಿದ್ದರು. ಒಬ್ಬಳ ಮಗು ಹೊರಗೆ ಅಜ್ಜಿಯ ಸೊಂಟದ ಮೇಲಿತ್ತು. ನನ್ನ ಗೆಳತಿಯರಲ್ಲಿ ಒಬ್ಬಳಾದರೂ ಆ ಕಡೆ ತಿರುಗಿ ನೋಡಲಿಲ್ಲ. ಎಲ್ಲರಿಗೂ ಅವರವರ ಪ್ರಶ್ನೆಪತ್ರಿಕೆಯ ಚಿಂತೆ. ಯಾವ ಅವಮಾನಕ್ಕೆ ಹೆದರಿ ನಾನು ಆ ಕೆಲಸ ಮಾಡಿದೆನೋ ಅದು ಅಲ್ಲಿ ಇರಲೇ ಇಲ್ಲ.

ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಅಕ್ಕ ವಠಾರಕ್ಕೆಲ್ಲ ಸಕ್ಕರೆ ಹಂಚಿದಳು.

ಸ್ಟುಡಿಯೋದಲ್ಲಿ ತೆಗೆಸಿದ ಆ ಫೋಟೋ ಗಂಡಿನ ಕಡೆಯವರಿಗೆ ಕೊಡಲು ಉಪಯೋಗಕ್ಕೆ ಬಂತು. ಹಿಂದೆ ಅಂಟಿನ ಕಲೆ ಇತ್ತು, ಯಾರೂ ಕೇಳಲಿಲ್ಲ. ಎರಡು ವರ್ಷದ ಮೇಲೆ ಅಕ್ಕನ ಮದುವೆಯಾಯಿತು. ಭಾವ ಕರೆಂಟ್ ವೈರಿಂಗ್ ಕೆಲಸದವರು, ಒಳ್ಳೆಯವರು. ದಟ್ಟಗಳ್ಳಿಯ ಕಡೆ ಹೊಸ ಬಡಾವಣೆಗಳೆದ್ದು ಕೆಲಸ ಹೆಚ್ಚಾದಾಗ ಅಲ್ಲೇ ಮನೆ ಮಾಡಿದರು. ಅಕ್ಕ ಬತ್ತಿ ಹೊಸೆಯುವುದನ್ನು ಬಿಟ್ಟು ಬ್ಲೌಸ್ ಹೊಲಿಯತೊಡಗಿದಳು. ನಾನು ಓದಿ ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆದೆ. ನನ್ನ ಶಾಲೆಯಲ್ಲೂ ಪ್ರತಿ ವರ್ಷ ಪ್ರೈವೇಟಿನವರ ಫಾರಂ ಬರುತ್ತದೆ. ಅದನ್ನು ತುಂಬಿಸುವ ಕೆಲಸ ಬೇರೆ ಯಾರಿಗಾದರೂ ಕೊಡಿ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೆ. ಕೆಲಸಗಳ್ಳಿ ಎಂದುಕೊಂಡಿರುತ್ತಾರೆ. ಅಂದುಕೊಳ್ಳಲಿ.

ಎರಡು ಸಾವಿರದ ಇಸವಿ ದಾಟಿ ಎಷ್ಟೋ ವರ್ಷವಾದ ಮೇಲೆ ಒಂದು ಸಂಜೆ ಅಕ್ಕನ ಫೋನು ಬಂತು. ದನಿಯಲ್ಲಿ ಹುಡುಗಿಯ ಉತ್ಸಾಹ.

"ಲೇ ಪುಟ್ಟಿ, ರೂಲ್ಸ್ ಬದಲಾಯ್ತಂತೆ ಕಣೆ! ನಮ್ಮೆದುರು ಮನೆ ಸೊಸೆ ಏಳಕ್ಕೇ ಬಿಟ್ಟೋಳು, ಈಗ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾಗವ್ಳೆ. ಎಂಟು, ಒಂಬತ್ತು ಏನೂ ಕೇಳಲ್ವಂತೆ!"

ಆಗಲಾದರೂ ಹೇಳಬಹುದಿತ್ತು. ಫೋನಿನಲ್ಲಿ ಮುಖ ಕಾಣುವುದಿಲ್ಲ, ಅದಕ್ಕಿಂತ ಸುಲಭದ ಸಂದರ್ಭ ಮತ್ತೊಂದು ಸಿಗುತ್ತಿರಲಿಲ್ಲ. ನಾನು ಹೇಳಿದ್ದೇನು ಗೊತ್ತೇ? "ಹೌದಂತೆ ಅಕ್ಕ, ನಾನೂ ಕೇಳಿದೆ. ಈಗ ಬದಲಾಗಿದೆ."

ಈ ಎರಡನೆಯ ಸುಳ್ಳಿಗೆ ವಯಸ್ಸಿನ ನೆಪವಿಲ್ಲ. ಮೊದಲನೆಯದನ್ನು ಹೇಳುವಾಗ ನಾನು ಹದಿನೈದರ ಹುಡುಗಿ. ಇದನ್ನು ಹೇಳುವಾಗ ಮಕ್ಕಳಿಗೆ ನೀತಿಪಾಠ ಮಾಡಿ ಸಂಬಳ ತೆಗೆದುಕೊಳ್ಳುತ್ತಿದ್ದ ಹೆಂಗಸು.

ಆ ವರ್ಷ ನಾನು ಅಕ್ಕನಿಗಾಗಿ ಮೈ ಮುರಿದು ದುಡಿದೆ. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ದಟ್ಟಗಳ್ಳಿಗೆ ಹೋಗಿ ಬೀಜಗಣಿತ, ಇಂಗ್ಲಿಷ್ ಹೇಳಿಕೊಟ್ಟೆ. ಫಾರಂ ನಾನೇ ತಂದೆ, ನಾನೇ ಕೊಟ್ಟೆ, ಸ್ವೀಕೃತಿ ಚೀಟಿಯನ್ನು ಅವಳ ಕೈಯಲ್ಲಿಟ್ಟೆ. ಭಾವನಿಗೆ ನನ್ನನ್ನು ಕಂಡರೆ ಗೌರವ ಇಮ್ಮಡಿಯಾಯಿತು. "ತಂಗಿ ಅಂದ್ರೆ ಹಿಂಗಿರ್ಬೇಕು" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುವರು. ಆ ಮಾತು ಬಂದಾಗಲೆಲ್ಲ ನಾನು ನೀರಿನ ನೆಪ ಹೇಳಿ ಎಲೆಯ ಮುಂದಿನಿಂದ ಏಳುತ್ತಿದ್ದೆ. ಹಾಗೆಂದು ಹೋಗುವುದನ್ನೂ ಬಿಡಲಿಲ್ಲ. ಪಾಪವನ್ನು ಪಾಠ ಹೇಳಿ ತೊಳೆದುಕೊಳ್ಳಬಹುದು ಎಂದು ನಂಬಿದ್ದೆನೋ ಏನೋ.

ಅಕ್ಕ ಪಾಸಾದಳು. ಕನ್ನಡದಲ್ಲಿ ನನಗೆ ಬಂದಿದ್ದಕ್ಕಿಂತ ಹೆಚ್ಚು ಅಂಕ. ಫಲಿತಾಂಶದ ದಿನ ನಾನು ಮೈಸೂರುಪಾಕು ಹಿಡಿದುಕೊಂಡು ಹೋದಾಗ ಅಕ್ಕಪಕ್ಕದ ಹೆಂಗಸರು ಅವಳ ಮನೆಯಲ್ಲಿ ತುಂಬಿದ್ದರು. ಅವಳ ಮಗಳು ಅಂಕಗಳನ್ನು ಎಲ್ಲರಿಗೂ ಓದಿ ಹೇಳುತ್ತಿದ್ದಳು. ಯಾರೋ ಒಬ್ಬಾಕೆ, "ಇನ್ನೇನು, ಅಂಗನವಾಡಿಗೆ ಅರ್ಜಿ ಹಾಕ್ಬುಡಿ" ಎಂದರು. ಅಕ್ಕ ನಕ್ಕು, "ಅದ್ಕೆ ವಯಸ್ಸು ಮೀರೋಯ್ತು ಕಣ್ರೀ, ವಿಚಾರಿಸ್ದೆ" ಎಂದಳು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ತನ್ನ ಕಡೆಗೆ ಎಳೆದುಕೊಂಡಳು.

"ಆಗ ರೂಲ್ಸ್ ಇರ್ಲಿಲ್ಲ ಕಣ್ರೀ. ಇದ್ದಿದ್ರೆ ಇವ್ಳು ಅವತ್ತೇ ನನ್ನ ಕೈ ಹಿಡ್ಕೊಂಡು ಎಳ್ಕೊಂಡೋಗಿ ಬರೆಸ್ತಿದ್ಲು. ಎರಡೆರಡು ಸಲ ಕೇಳವ್ಳೆ ಪಾಪ, ಆ ಗುಮಾಸ್ತ ಒಪ್ಪಲಿಲ್ಲ."

ಹೆಂಗಸರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಆ ಒಳ್ಳೆಯ ಗುಮಾಸ್ತರು ಅಷ್ಟು ವರ್ಷದಿಂದ ನನ್ನ ಅಕ್ಕನ ಬಾಯಲ್ಲಿ ಕೆಟ್ಟವರಾಗಿ ಕೂತಿದ್ದರು ಎಂಬುದು ಕೂಡ ನನಗೆ ಆಗಲೇ ಗೊತ್ತಾದದ್ದು. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಹಾಗೆ ಅನ್ನಿಸಿತು.

ಎಲ್ಲರೂ ಹೋದರು. ಮಗಳು ಗೆಳತಿಯ ಮನೆಗೆ ಓಡಿದಳು. ಅಕ್ಕ ಅಡುಗೆಮನೆಯಲ್ಲಿ ಕಾಫಿ ಲೋಟಗಳನ್ನು ತೊಳೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಹೇಳಿದೆ. ಒಂದೇ ಉಸಿರಿಗೆ ಹೇಳಿದೆ. ಬಿ.ಎ. ಸುಳ್ಳು, ಸೆಂಟರಿನ ಭಯ, ಮೋರಿ, ಮದುವೆ ಗೊತ್ತಾಯಿತೆಂದದ್ದು, ರೂಲ್ಸು ಯಾವತ್ತೂ ಬದಲಾಗಿರಲಿಲ್ಲ ಎನ್ನುವುದು. ಹೇಳುತ್ತಾ ಅತ್ತೆ. ಅತ್ತರೆ ಅವಳು ಸಮಾಧಾನ ಮಾಡುತ್ತಾಳೆ ಎಂಬ ಲೆಕ್ಕಾಚಾರ ಆ ಅಳುವಿನಲ್ಲೂ ಇತ್ತೇನೋ, ನನ್ನ ಮೇಲೆ ನನಗೆ ನಂಬಿಕೆಯಿಲ್ಲ.

ಅವಳು ಸಮಾಧಾನ ಮಾಡಲಿಲ್ಲ. ಲೋಟ ತೊಳೆಯುವುದನ್ನೂ ನಿಲ್ಲಿಸಲಿಲ್ಲ. ಕೊನೆಯ ಲೋಟ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಕಡೆ ತಿರುಗದೆಯೇ ಕೇಳಿದಳು.

"ಅಂದ್ರೆ, ಅವತ್ತು ಬರೆದಿದ್ರೆ ಪಾಸಾಗ್ತಿದ್ನಾ ನಾನು?"

"ಆಗ್ತಿದ್ದೆ ಅಕ್ಕ."

"ಟೀಚರ್ ಆಗಿರ್ತಿದ್ದೆ."

"ಹೂಂ."

ಹೊರಗೆ ಯಾರದೋ ಮನೆಯ ಕುಕ್ಕರು ಕೂಗಿತು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಸಿಟ್ಟಿನ ಮುಖವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅದು ದಾರಿ ತಪ್ಪಿದವಳ ಮುಖ.

"ಯಾಕೆ ಹೇಳ್ದೆ ಇದನ್ನ? ರೂಲ್ಸ್ ಮೇಲೆ ಸಿಟ್ಟು ಮಾಡ್ಕೊಂಡು ಇಷ್ಟು ವರ್ಷ ಹೆಂಗೋ ಆರಾಮಾಗಿದ್ದೆ. ಇನ್ಮೇಲೆ ಯಾರ ಮೇಲೆ ಮಾಡ್ಕೊಳ್ಲಿ, ಹೇಳು?"

ನನ್ನ ಮೇಲೆ ಮಾಡಿಕೋ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.